ಅಗಲಕ್ಕಿಂತ ಆಳ ಮುಖ್ಯ

ಮಚ್ಚೆ ನೋಡಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರನ್ನು ಗುರುತಿಸುವ ಬಗೆಗಿನ ಲೇಖನವೊಂದು ‘ಮಚ್ಚೆ ಅಗಲವಾದಷ್ಟೂ ಅಪಾಯ’ ಎಂದು ಹೇಳುತ್ತದೆ. ಇದನ್ನು ಒಪ್ಪಲಾಗದು. 6 ಮಿ.ಮೀ. ಅಗಲ ಎಂಬುದು ಅನುಮಾನ ಪಡಲು ಇರುವ ಅಳತೆ ಅಷ್ಟೇ. ಮೆಲನೋಮಾದ ಗತಿ ಹೆಚ್ಚಾಗಿ ನಿಂತಿರುವುದು ಅದು ಚರ್ಮದೊಳಗೆ ಎಷ್ಟು ಇಳಿದಿದೆ ಎನ್ನುವುದರ ಮೇಲೆ. ಮೇಲ್ಪದರದಲ್ಲೇ ಅಡ್ಡಡ್ಡ ಹರಡಿದ್ದು 3 ಸೆಂ.ಮೀ. ಇದ್ದರೂ ಪೂರ್ತಿ ತೆಗೆದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ನಾಡ್ಯುಲರ್ (ಗಂಟಿನಂಥ) ಬಗೆಯದು ಶುರುವಿನಿಂದಲೇ ಕೆಳಮುಖವಾಗಿ ಬೆಳೆಯುತ್ತದೆ. 5 ಮಿ.ಮೀ.ನ, ದುಂಡಗಿನ, ಒಂದೇ ಬಣ್ಣದ ಗಂಟು ಲೇಖನದ ಲಕ್ಷಣಗಳ ಪಟ್ಟಿಯಿಂದ (ಹೆಚ್ಚು ಅಗಲ, ಅಂಕುಡೊಂಕು ಆಕಾರ, ಹಲವು ಬಣ್ಣ) ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ! ಉಬ್ಬಿ, ಗಟ್ಟಿಯಾಗಿ, ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ ಅಳತೆ ನೋಡುತ್ತಾ ಕೂರಬೇಡಿ.

ಬಯಾಪ್ಸಿ (ತೆಗೆದ ಚೂರಿನ ಲ್ಯಾಬ್ ಪರೀಕ್ಷೆ) ರಿಪೋರ್ಟಿನಲ್ಲಿ ಹುಡುಕಬೇಕಾದ್ದು ‘ಬ್ರೆಸ್ಲೊ ದಪ್ಪ’: ಎಪಿಡರ್ಮಿಸ್‌ನ (ಚರ್ಮದ ಹೊರಪದರದ) ಗ್ರ್ಯಾನ್ಯುಲರ್ ಪದರದ ಮೇಲ್ತುದಿಯಿಂದ (ಹುಣ್ಣಾಗಿದ್ದರೆ ಹುಣ್ಣಿನ ತಳದಿಂದ) ಅತಿ ಆಳದ ಕ್ಯಾನ್ಸರ್ ಕೋಶದವರೆಗಿನ ಅಳತೆ. 0.8 ಮಿ.ಮೀ. ಮುಟ್ಟಿದ್ದರೆ ಅಥವಾ ಹುಣ್ಣಾಗಿದ್ದರೆ ಸೆಂಟಿನೆಲ್ ಗ್ರಂಥಿ (ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ದುಗ್ಧಗ್ರಂಥಿ) ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಸುತ್ತ ಸೇರಿಸಿ ತೆಗೆಯುವ ಒಳ್ಳೆಯ ಚರ್ಮವೂ ಇದರಿಂದಲೇ ತೀರ್ಮಾನ: ದಪ್ಪ 1 ಮಿ.ಮೀ. ಒಳಗಿದ್ದರೆ 1 ಸೆಂ.ಮೀ., 2 ಮಿ.ಮೀ. ದಾಟಿದ್ದರೆ 2 ಸೆಂ.ಮೀ.

ಹೀಗಿರುವಾಗ ಬಯಾಪ್ಸಿ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ. ಮೇಲೆ ಮೇಲೆ ಹೆರೆದು ತೆಗೆದರೆ ಗಡ್ಡೆಯ ತಳ ಚರ್ಮದಲ್ಲೇ ಉಳಿದು, ಲ್ಯಾಬ್ ‘ಕನಿಷ್ಠ ಇಷ್ಟು’ ಎಂದಷ್ಟೇ ಬರೆಯಬಲ್ಲದು. ಸಾಧ್ಯವಿದ್ದಲ್ಲೆಲ್ಲ 1–3 ಮಿ.ಮೀ. ಅಂಚಿನೊಂದಿಗೆ ಇಡಿಯಾಗಿ ತೆಗೆದು ಕಳಿಸಬೇಕು. ಲೇಸರಿನಲ್ಲಿ ಸುಟ್ಟರಂತೂ ಅಳೆಯಲು ಏನೂ ಉಳಿಯದು.

ಇನ್ನೊಂದು: ಬಿಸಿಲು ಬೀಳುವ ಜಾಗ ಮಾತ್ರ ನೋಡಿದರೆ ಸಾಲದು. ನಮ್ಮವರಲ್ಲಿ ಮೆಲನೋಮಾ ಅಂಗಾಲಲ್ಲಿ, ಉಗುರಿನಡಿ ಬರುವುದುಂಟು. ಆಣಿ ಎಂದುಕೊಂಡು ಕೊಯ್ದು ಬಿಸಾಡುವ ಮುನ್ನ ಆ ಚೂರನ್ನು ಪೆಥಾಲಜಿಗೆ ಕಳಿಸಿ.