ನೆಲ ಅದುರಿದರೆ ನೆಂಟರು

ನಮ್ಮ ಮನೆಯ ಕಾಲಿಂಗ್ ಬೆಲ್ ಕೆಟ್ಟು ಮೂರು ವಾರವಾಯಿತು. ರಿಪೇರಿ ಮಾಡಿಸುವ ಅವಸರ ಯಾರಿಗೂ ಇಲ್ಲ. ಬಂದವರು ಬಾಗಿಲು ಬಡಿಯುತ್ತಾರೆ, ಇಲ್ಲವೇ ಹೊರಗೆ ನಿಂತು ಫೋನ್ ಮಾಡುತ್ತಾರೆ. ನನಗೋ ಅಮೆರಿಕದ ಹಳೆಯ ಬೇಸ್‌ಬಾಲ್ ಆಟಗಾರ ವಿಲಿಯಂ ಹಾಯ್ ಮನೆಯ ಬೆಲ್ ನೆನಪಾಗುತ್ತದೆ.

ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಹೊರಗೆ ನಿಂತವರು ಬಾಗಿಲ ಪಕ್ಕದ ಹಿಡಿ ಎಳೆದರೆ ಒಳಗೆ ಸೀಸದ ಗುಂಡೊಂದು ಧೊಪ್ಪನೆ ಬೀಳುತ್ತಿತ್ತು. ನೆಲ ಅದುರುತ್ತಿತ್ತು. ನೆಂಟರು ಬಂದ ಸುದ್ದಿ ಅಂಗಾಲಿಗೆ ಮುಟ್ಟುತ್ತಿತ್ತು. ಇದನ್ನು ಹೇಳಿದವನು ಹಾಯ್ ಜೊತೆ ಆಡಿದ ಟಾಮಿ ಲೀಚ್.

ಹಾಯ್ ಹುಟ್ಟಿದ್ದು 1862ರಲ್ಲಿ, ಅಮೆರಿಕದ ಒಹಾಯೋದ ಒಂದು ಹಳ್ಳಿಯಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ಮೆದುಳು ಜ್ವರ ಬಂದು ಕಿವಿ ಹೋಯಿತು. ಮುಂದೆ ಬೂಟು ಹೊಲಿಯುವ ಅಂಗಡಿ ಇಟ್ಟ. ಆಮೇಲೆ ಬೇಸ್‌ಬಾಲ್. 1888ರಲ್ಲಿ ವಾಷಿಂಗ್ಟನ್ ತಂಡ ಸೇರಿದವನು ಮೊದಲ ವರ್ಷವೇ 82 ಬೇಸ್ ಕದ್ದ, ಅಂದರೆ ಚೆಂಡು ಎಸೆಯುವ ಪಿಚರ್‌ನ ಕಣ್ತಪ್ಪಿಸಿ ಮುಂದಿನ ಬೇಸ್‌ಗೆ ಓಡಿ ಸೇರಿದ. ಕಳ್ಳನಿಗೆ ಕಿವಿ ಚುರುಕಾಗಿರಬೇಕು ಅಂತ ಯಾರು ಹೇಳಿದರೋ!

ಕಷ್ಟ ಇದ್ದದ್ದು ಬ್ಯಾಟ್ ಹಿಡಿದಾಗ. ಅಂಪೈರ್ ಕೂಗಿದ್ದು ಸ್ಟ್ರೈಕೋ (ಸರಿಯಾದ ಎಸೆತ) ಬಾಲೋ (ದಾರಿ ತಪ್ಪಿದ ಎಸೆತ) ತಿಳಿಯಲು ಹಾಯ್ ಹಿಂದೆ ತಿರುಗಬೇಕು. ಅವನು ಮತ್ತೆ ಮುಂದೆ ನೋಡುವಷ್ಟರಲ್ಲಿ ಪಿಚರ್ ಮುಂದಿನ ಚೆಂಡು ಎಸೆದೇಬಿಡುತ್ತಿದ್ದ. ಪಕ್ಕಾ ಕಿತಾಪತಿ. ಹಾಯ್ ಮೂರನೇ ಬೇಸ್ ಹತ್ತಿರದ ಕೋಚ್‌ಗೆ ಹೇಳಿದ: ಸ್ಟ್ರೈಕ್ ಆದರೆ ಬಲಗೈ ಎತ್ತು, ಬಾಲ್ ಆದರೆ ಎಡಗೈ. ಇಲ್ಲೂ ಆ ಬೆಲ್ಲಿನ ಬುದ್ಧಿಯೇ, ಅಲ್ವಾ? ಅಂಪೈರ್‌ಗಳ ಕೈಸನ್ನೆಯೂ ಇವನಿಂದಲೇ ಶುರುವಾಯಿತು ಅಂತ ಕೆಲವರು ವಾದಿಸುತ್ತಾರೆ, ಇನ್ನು ಕೆಲವರು ಒಪ್ಪುವುದಿಲ್ಲ. ನನಗೆ ಆ ಜಗಳ ಬೇಡ.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ಸಂಗತಿ. ಹಾಯ್ ಫೀಲ್ಡಿಂಗ್‌ಗೆ ನಿಲ್ಲುತ್ತಿದ್ದದ್ದು ಮೈದಾನದ ಹಿಂಭಾಗದ ನಡುವೆ, ಸೆಂಟರ್‌ಫೀಲ್ಡ್‌ನಲ್ಲಿ. ಎತ್ತರಕ್ಕೆ ಹಾರಿದ ಚೆಂಡಿಗೆ ಇಬ್ಬರು ಓಡಿ ಬಂದರೆ ಡಿಕ್ಕಿ ಗ್ಯಾರಂಟಿ. ಅದಕ್ಕೆ ಕ್ಯಾಚ್ ತನ್ನದು ಅನಿಸಿದಾಗ ಹಾಯ್ ಗಂಟಲಿನಿಂದ ಕೀಚಲು ದನಿಯೊಂದನ್ನು ಹೊರಡಿಸುತ್ತಿದ್ದ. ಪಕ್ಕದವರು ದಾರಿ ಬಿಡುತ್ತಿದ್ದರು. ತಾನು ಎಂದೂ ಕೇಳದ ಆ ಸದ್ದನ್ನು ಕಿವಿ ಇದ್ದವರಿಗೋಸ್ಕರ ಮಾಡುತ್ತಿದ್ದ.

ಜನ ಅವನಿಗಿಟ್ಟ ಹೆಸರು ಡಮ್ಮಿ. ಆಗ ಮೂಕರನ್ನೆಲ್ಲ ಹಾಗೇ ಕರೆಯುತ್ತಿದ್ದರು. ನಮ್ಮಲ್ಲಿ ಕೈಲಾಗದವನನ್ನು ‘ಡಮ್ಮಿ ಪೀಸ್’ ಅನ್ನುತ್ತೇವೆ. ಈ ಡಮ್ಮಿ ಎರಡು ಸಾವಿರಕ್ಕೂ ಹೆಚ್ಚು ಹಿಟ್ ಹೊಡೆದವನು. 1961ರಲ್ಲಿ ಬೇಸ್‌ಬಾಲ್‌ನ ವಾರ್ಷಿಕ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಒಂದು ಪಂದ್ಯಕ್ಕೆ ಸಿನ್ಸಿನಾಟಿಯಲ್ಲಿ ಗೌರವದ ಮೊದಲ ಚೆಂಡು ಎಸೆದಾಗ ಅವನಿಗೆ 99. ಅದೇ ಡಿಸೆಂಬರಿನಲ್ಲಿ ತೀರಿಕೊಂಡ.

ಅಮೆರಿಕದ ಅತ್ಯುನ್ನತ ಲೀಗ್‌ನಲ್ಲಿ ಅವನ ಕೊನೆಯ ಸೀಸನ್ 1902. ಆ ಮೇ 16ರಂದು ಎದುರು ತಂಡದ ಪಿಚರ್ ಲೂಥರ್ ಟೇಲರ್. ಅವನಿಗೂ ಕಿವಿ ಕೇಳದು, ಅವನ ಅಡ್ಡಹೆಸರೂ ಡಮ್ಮಿಯೇ. ಬ್ಯಾಟ್ ಹಿಡಿದು ಬಂದ ಹಾಯ್ ಕೈಸನ್ನೆಯಲ್ಲಿ ‘ನಿನ್ನ ನೋಡಿ ಖುಷಿಯಾಯಿತು’ ಅಂದ. ಆಮೇಲೆ ಅದೇ ಟೇಲರ್‌ನ ಚೆಂಡಿಗೆ ಎರಡು ಹಿಟ್ ಹೊಡೆದ.