ಗೀಲ್‌ನಲ್ಲೊಂದು ಪುತ್ರಕಾಮೇಷ್ಟಿ

ದಶರಥ ಮಹಾರಾಜ ಪುತ್ರಕಾಮೇಷ್ಟಿ ಮಾಡಿದಾಗ ಬೆಂಕಿಗೆ ತುಪ್ಪ ಸುರಿದ. ಪಾಪ, ಹಳೇ ಕಾಲದವನು. 2025ರ ಅಮೆರಿಕ ಸರ್ಕಾರ ಇನ್ನೂ ನೇರವಾದ ದಾರಿ ಹಿಡಿಯಿತು: ಗರ್ಭನಿರೋಧಕಗಳನ್ನೇ ಬೆಂಕಿಗೆ ಹಾಕಿಬಿಡುವುದು. ಮಕ್ಕಳು ತಾವಾಗಿಯೇ ಆಗುತ್ತವೆ, ಪಾಯಸದ ಖರ್ಚೂ ಉಳಿಯುತ್ತದೆ.

ಯಾಗದ ಸಾಮಗ್ರಿ ಬೆಲ್ಜಿಯಂನ ಗೀಲ್ ಎಂಬ ಊರಿನ ಗೋದಾಮಿನಲ್ಲಿತ್ತು. ಗುಳಿಗೆ, ಕಾಪರ್-ಟಿ ಥರದ ವಂಕಿ, ತೋಳಿಗೆ ಹಾಕುವ ಇಂಪ್ಲಾಂಟ್ ಎಲ್ಲ ಸೇರಿ 97 ಲಕ್ಷ ಡಾಲರಿನ ಮಾಲು. ಹೆಚ್ಚಿನದು ತಾಂಜಾನಿಯಾ, ಕೀನ್ಯಾ, ಕಾಂಗೋ, ಜಾಂಬಿಯಾ, ಮಾಲಿ ದೇಶಗಳಿಗೆ ಹೋಗಬೇಕಿದ್ದದ್ದು. ಅವಧಿ ಮುಗಿಯುವುದು 2027ರಿಂದ 2031ರ ನಡುವೆ. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ಗೆ ಬೀಗ ಬಿತ್ತು, ಮಾಲು ಅನಾಥವಾಯಿತು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ತಾನು ಕೊಳ್ಳುತ್ತೇನೆಂದು ಮುಂದೆ ಬಂತು. ಎಂಎಸ್‌ಐ ಎಂಬ ಸಂಸ್ಥೆ, ಪೆಟ್ಟಿಗೆ ಬದಲಿಸಿ ಸಾಗಿಸುವ ಖರ್ಚೂ ನಮ್ಮದೇ ಎಂದಿತು. ಕೂಡದು! ಮಾರಿದರೆ ನಾಲ್ಕು ಕಾಸು ಬಂದುಬಿಟ್ಟರೆ ಗತಿ? ಫ್ರಾನ್ಸಿಗೆ ಕಳಿಸಿ ಸುಡಿಸಲು 1,67,000 ಡಾಲರ್ ಕೈಯಿಂದ ಹಾಕುವುದೆಂದು ವಾಷಿಂಗ್ಟನ್ನು ತೀರ್ಮಾನಿಸಿತು. ದುಂದುವೆಚ್ಚ ತಡೆಯುತ್ತೇವೆಂದು ಬಂದ ಸರ್ಕಾರವಲ್ಲವೇ.

ಕೊಟ್ಟ ಕಾರಣ: ಇವೆಲ್ಲ ಗರ್ಭಪಾತದ ಔಷಧಗಳು. ವಿದೇಶಿ ನೆರವಿನ ಹಣವನ್ನು ಕುಟುಂಬ ಯೋಜನೆಯ ಹೆಸರಿನಲ್ಲಿ ಗರ್ಭಪಾತಕ್ಕೆ ಬಳಸಕೂಡದೆಂದು 1973ರಿಂದಲೇ ಅವರದೇ ಹೆಲ್ಮ್ಸ್ ತಿದ್ದುಪಡಿ ಎಂಬ ಕಾನೂನು ಹೇಳುತ್ತದೆ; ಅಂದಮೇಲೆ ಆ ಹಣದಲ್ಲಿ ಅಂಥ ಔಷಧ ಕೊಳ್ಳುವ ಮಾತೇ ಇಲ್ಲ. ಗರ್ಭವೇ ಕಟ್ಟದಂತೆ ನೋಡಿಕೊಳ್ಳುವ ಗುಳಿಗೆಯ ಮೇಲೆ ಗರ್ಭ ಇಳಿಸಿದ ಆರೋಪ ಹೊರಿಸಲು ಸಾಮಾನ್ಯ ಬುದ್ಧಿ ಸಾಲದು.

ಭೂಗೋಳದಲ್ಲೂ ಇವರದು ಇದೇ ಪಾಂಡಿತ್ಯ. ಜನವರಿಯಲ್ಲಿ ಶ್ವೇತಭವನದ ವಕ್ತಾರೆ, ಗಾಜಾಕ್ಕೆ ಐದು ಕೋಟಿ ಡಾಲರಿನ ಕಾಂಡೋಮ್ ಹೋಗುವುದರಲ್ಲಿತ್ತು, ತಡೆದೆವು ಎಂದರು. ಕೆಲವೇ ದಿನಗಳಲ್ಲಿ ಟ್ರಂಪ್ ಬಾಯಲ್ಲಿ ಅದು ಹತ್ತು ಕೋಟಿಯಾಯಿತು. ನಿರೋಧ್ ಇಲ್ಲದ ಕಡೆ ಸಂಖ್ಯೆ ಬೆಳೆಯುವುದು ಹೀಗೆಯೇ. ಮೊಜಾಂಬಿಕ್‌ನಲ್ಲೂ ಗಾಜಾ ಎಂಬ ಪ್ರಾಂತ್ಯವಿದೆ, ಅಲ್ಲಿ ಎಚ್‌ಐವಿ ತಡೆಗೆ ಅಮೆರಿಕದ ನೆರವಿತ್ತು ಎಂಬುದು ಆಮೇಲೆ ಸುದ್ದಿಯಾಯಿತು. ತಾನು ಹೇಳುವುದರಲ್ಲಿ ಕೆಲವು ತಪ್ಪಿರುತ್ತವೆ ಎಂದು, ಸರ್ಕಾರದ ಖರ್ಚು ಕಡಿತದ ಉಸ್ತುವಾರಿ ಹೊತ್ತಿದ್ದ ಇಲಾನ್ ಮಸ್ಕ್ ಉದಾರವಾಗಿ ಒಪ್ಪಿಕೊಂಡರು.

ಈ ದೊಡ್ಡಣ್ಣನ ಹಳೆಯ ಅವತಾರ ನಮ್ಮ ಹಿರಿಯರಿಗೆ ಗೊತ್ತು. ಜನಸಂಖ್ಯೆ ತಡೆಯಲು ಹಾಕಿದ ಐದು ಡಾಲರ್, ಆರ್ಥಿಕ ಬೆಳವಣಿಗೆಗೆ ಹಾಕಿದ ನೂರು ಡಾಲರಿಗೆ ಸಮ ಎಂದು 1965ರಲ್ಲಿ ಅಧ್ಯಕ್ಷ ಜಾನ್ಸನ್ ಲೆಕ್ಕ ಕೊಟ್ಟಿದ್ದರು. ಬರದಲ್ಲಿ ಬೇಯುತ್ತಿದ್ದ ಭಾರತಕ್ಕೆ ಪಿ.ಎಲ್. 480 ಎಂಬ ಆಹಾರ ನೆರವಿನ ಗೋಧಿಯನ್ನು ಹಿಡಿಹಿಡಿದು ಬಿಡುತ್ತ, ಕುಟುಂಬ ಯೋಜನೆ ಎಲ್ಲಿಗೆ ಬಂತೆಂದೂ ವಿಚಾರಿಸುತ್ತಿದ್ದರು. ಆಗ ವಂಕಿ ಬೇಡವೆಂದರೆ ಕಷ್ಟ, ಈಗ ಬೇಕೆಂದರೆ ಕಷ್ಟ. ಅಂದಹಾಗೆ, ಜಾನ್ಸನ್ ಲೆಕ್ಕದಲ್ಲೇ ನೋಡಿದರೆ ಸುಡಲು ಹೊರಟದ್ದು 19 ಕೋಟಿ 40 ಲಕ್ಷ ಡಾಲರಿನ ಅಭಿವೃದ್ಧಿ.

ನಡುವೆ 1984ರಲ್ಲಿ ಮೆಕ್ಸಿಕೋ ನಗರದ ಜನಸಂಖ್ಯಾ ಸಮ್ಮೇಳನದಲ್ಲಿ ರೇಗನ್ ಸರ್ಕಾರ ಹೊಸ ಷರತ್ತು ತಂತು: ಸ್ವಂತ ದುಡ್ಡಿನಲ್ಲಾದರೂ ಸರಿ, ಗರ್ಭಪಾತದ ಸೇವೆ ಕೊಡುವ, ಅದರ ಪರ ಮಾತಾಡುವ ವಿದೇಶಿ ಸಂಸ್ಥೆಗೆ ಕುಟುಂಬ ಯೋಜನೆಯ ನೆರವಿಲ್ಲ. 1993ರಲ್ಲಿ ಕ್ಲಿಂಟನ್ ತೆಗೆದರು, 2001ರಲ್ಲಿ ಬುಷ್ ಹಾಕಿದರು, 2009ರಲ್ಲಿ ಒಬಾಮ ತೆಗೆದರು, 2017ರಲ್ಲಿ ಟ್ರಂಪ್ ಹಾಕಿದರು, 2021ರಲ್ಲಿ ಬೈಡನ್ ತೆಗೆದರು, 2025ರಲ್ಲಿ ಮತ್ತೆ ಟ್ರಂಪ್ ಹಾಕಿದರು. ಒಮ್ಮೆ ಹಾಕಿಸಿಕೊಂಡ ಕಾಪರ್-ಟಿ ಹತ್ತು ವರ್ಷ ನಿಲ್ಲುತ್ತದೆ. ವಾಷಿಂಗ್ಟನ್ನಿನ ಈ ನೀತಿ, ಹಾಕಿದ್ದಾಗಲಿ ತೆಗೆದದ್ದಾಗಲಿ, ಒಂಬತ್ತು ವರ್ಷ ದಾಟಿದ್ದಿಲ್ಲ. ಹಳ್ಳಿಯ ನರ್ಸಮ್ಮ ಮಾತ್ರ ನಾಲ್ಕು ವರ್ಷಕ್ಕೊಮ್ಮೆ ಅಮೆರಿಕದ ಮತ ಎಣಿಕೆ ನೋಡಿಕೊಂಡು ಬಾಯಿ ತೆರೆಯಬೇಕು, ಇಲ್ಲವೇ ಮುಚ್ಚಬೇಕು.

ಸೆಪ್ಟೆಂಬರ್‌ನಲ್ಲಿ ಎಲ್ಲ ಸುಟ್ಟಾಯಿತೆಂದು ಅಮೆರಿಕದಿಂದ ಸುದ್ದಿ ಬಂತು. ಬೆಲ್ಜಿಯಂ ಅಧಿಕಾರಿಗಳು ಗೋದಾಮಿಗೆ ಹೋಗಿ ನೋಡಿದರೆ ಪೆಟ್ಟಿಗೆಗಳು ಅಲ್ಲೇ ಕೂತಿದ್ದವು. ಬಳಸಲು ಬರುವ ವಸ್ತುವನ್ನು ವಿಶೇಷ ಅನುಮತಿ ಇಲ್ಲದೆ ಸುಡುವಂತಿಲ್ಲ ಎಂದು ಅಲ್ಲಿನ ಫ್ಲಾಂಡರ್ಸ್ ಪ್ರಾಂತ್ಯದ ನಿಯಮ. ತಾಂಜಾನಿಯಾದ ಹೆಂಗಸರ ಹಕ್ಕಿನ ಬಗ್ಗೆ ಬರೆದ ಪತ್ರಗಳಿಗೆ ಬಗ್ಗದ ಮಹಾಶಕ್ತಿಗೆ ಅಡ್ಡಬಂದದ್ದು ಕಸ ವಿಲೇವಾರಿ ಕಾನೂನು.