ಅಭಿನಂದನೆ ಹೇಳಿದ್ದು ಬೇಗ ಆಯಿತು

ನಿನ್ನೆ ರಾತ್ರಿ ಟೀವಿ ಮುಂದಿನಿಂದ ಎದ್ದು ಎದುರುಮನೆಗೆ ಓಡಿದೆ. 2012ರ ನವೆಂಬರ್ 6. ಗಂಡು ಗಂಡು, ಹೆಣ್ಣು ಹೆಣ್ಣು ಮದುವೆಯಾಗಬಹುದಾ ಅಂತ ಅಮೆರಿಕದ ನಮ್ಮ ವಾಷಿಂಗ್ಟನ್ ರಾಜ್ಯವೆಲ್ಲ ವೋಟು ಹಾಕಿದ ದಿನ. ಮೊದಲ ಲೆಕ್ಕದಲ್ಲಿ ಆಗಲಿ ಅಂದವರು ನೂರಕ್ಕೆ ಸುಮಾರು 52. ಎದುರುಮನೆಯ ಇಬ್ಬರು ಹೆಂಗಸರು ಹತ್ತೊಂಬತ್ತು ವರ್ಷದಿಂದ ಜೊತೆಗಿದ್ದಾರೆ. ಅಭಿನಂದನೆ ಹೇಳಿದೆ. ಹಿರಿಯಾಕೆ ನನ್ನ ಕೈ ಹಿಡಿದುಕೊಂಡು, "ಇನ್ನೂ ಇಲ್ಲ" ಅಂದರು. ಅವರು ಹಾಲ್ ಕೂಡ ಬುಕ್ ಮಾಡಿಲ್ಲ.

ನನಗೆ ಸಂಕಟವಾಯಿತು. ಇದೇ ಪ್ರಶ್ನೆಗೆ ವೋಟು ಹಾಕಿದ ಮೇನ್, ಮೇರಿಲ್ಯಾಂಡ್ ರಾಜ್ಯದವರಿಗೆ ರಾತ್ರಿಯೇ ಗೊತ್ತಾಯಿತು. ಇಲ್ಲಿ ಅಂಚೆಯ ವೋಟು. ಲಕೋಟೆಯ ಮೇಲೆ 6ನೇ ತಾರೀಖಿನ ಮುದ್ರೆ ಇದ್ದರೆ ಸಾಕು, ಆಮೇಲೆ ಬಂದರೂ ಲೆಕ್ಕಕ್ಕೆ. ಕೌಂಟಿಗಳು, ಅಂದರೆ ಇಲ್ಲಿನ ಜಿಲ್ಲೆಗಳು, ಕೊನೆಯ ಲೆಕ್ಕಕ್ಕೆ ಸಹಿ ಹಾಕುವುದು 27ಕ್ಕೆ. ಅಲ್ಲಿಯವರೆಗೆ ದಿನಾ ಇಷ್ಟಿಷ್ಟು. ಶಾಸನಸಭೆ ಒಪ್ಪಿ, ಗವರ್ನರ್ ಗ್ರೆಗ್ವಾರ್ ಫೆಬ್ರವರಿಯಲ್ಲೇ ಸಹಿ ಹಾಕಿದ ಕಾನೂನು ಇದು. ವಿರೋಧಿಗಳು 2 ಲಕ್ಷಕ್ಕೂ ಜಾಸ್ತಿ ಸಹಿ ಸೇರಿಸಿ ಜನರ ಮುಂದೆ ತಂದರು. ಹತ್ತೊಂಬತ್ತು ವರ್ಷ ಕಾದವರನ್ನು ಇನ್ನೂ ಮೂರು ವಾರ ಕಾಯಿಸಬೇಕಾ?

ನಮ್ಮ ಕರ್ನಾಟಕದಲ್ಲಿ ಹೀಗಿಲ್ಲ. 2008ರಲ್ಲಿ ಊರಲ್ಲಿದ್ದೆ. ಮೇ 25ರ ಬೆಳಿಗ್ಗೆ ವಿಧಾನಸಭೆ ಚುನಾವಣೆಯ ಎಣಿಕೆ ಶುರುವಾಯಿತು. 224 ಕ್ಷೇತ್ರ. ಊಟದ ಹೊತ್ತಿಗೆ ಗೆದ್ದವರಾರು ಅಂತ ಬೀದಿಯೇ ಹೇಳುತ್ತಿತ್ತು, ಪಟಾಕಿ, ಬಣ್ಣ, ತಮಟೆ. ಸೋತವರಿಗೂ ಅದೇ ದಿನ ಗೊತ್ತು. ಅತ್ತುಬಿಡಬಹುದು, ಮಲಗಬಹುದು. ಆ ಒಂದು ದಿನದ ಗದ್ದಲ ನಿನ್ನೆ ರಾತ್ರಿ ತುಂಬಾ ನೆನಪಾಯಿತು.

ಅಮ್ಮನಿಗೆ ಫೋನ್ ಮಾಡಿದೆ. ಹೋದ ವರ್ಷ ಇಲ್ಲಿದ್ದಾಗ ಅಮ್ಮನನ್ನು ಬಾತೆಲ್ ಊರಿನ ದೇವಸ್ಥಾನಕ್ಕೆ ಕಾರಲ್ಲಿ ಕರೆದೊಯ್ಯುತ್ತಿದ್ದವರು ಎದುರುಮನೆಯ ಆ ಇಬ್ಬರೇ. "ಇನ್ನೂ ಎಣಿಸ್ತಾನೇ ಇದ್ದಾರೇನೋ? ಪಾಪ, ಆ ಹುಡುಗೀರು ಇವತ್ತು ಏನಾದ್ರೂ ತಿಂದ್ರಾ?" ಅಂದರು.

ಆಮೇಲೆ ಹೆಂಡತಿ ಒಂದು ಮಾತು ನೆನಪಿಸಿದಳು. ಅವಳು ಯಾವಾಗಲೂ ಸಹಿ ಹಾಕುವುದು ಕನ್ನಡದಲ್ಲಿ. ಈ ಸಲ ಲಕೋಟೆ ಮೇಲೆ ಅವಸರದಲ್ಲಿ ಇಂಗ್ಲಿಷಿನಲ್ಲಿ ಹಾಕಿದ್ದಳು. ಸಹಿ ಹೊಂದುತ್ತಿಲ್ಲ, ಸರಿಮಾಡಿ ಕಳಿಸಿ ಅಂತ ಮನೆಗೆ ಕಾಗದ ಬಂತು. ಊರಲ್ಲಿ ಅಪ್ಪನ ಹೆಸರು ಒಂದು ಸಲ ಮತದಾರರ ಪಟ್ಟಿಯಿಂದ ಬಿಟ್ಟುಹೋಗಿತ್ತು. ಮತಗಟ್ಟೆಯಿಂದ ಸುಮ್ನೆ ವಾಪಸ್ ಬಂದಿದ್ದರು. ಅವರಿಗೆ ಯಾರೂ ಕಾಗದ ಬರೆಯಲಿಲ್ಲ. ಅದೂ ಅಲ್ಲದೆ, 2008ರಲ್ಲಿ ಮೇ 10ಕ್ಕೆ ವೋಟು ಹಾಕಿದವರು ಹದಿನೈದು ದಿನ ಕಾದಿದ್ದರು, ಅಲ್ವಾ? ಅದನ್ನು ಮರೆತಿದ್ದೆ.

2004ರಲ್ಲಿ ಕರ್ನಾಟಕದ ಸಂತೇಮರಹಳ್ಳಿ ಕ್ಷೇತ್ರ ನಿರ್ಧಾರವಾದದ್ದು ಒಂದೇ ವೋಟಿನಿಂದ. ಅದೇ ವರ್ಷ ಇಲ್ಲಿ ಗವರ್ನರ್ ಚುನಾವಣೆಯಲ್ಲಿ ಗ್ರೆಗ್ವಾರ್ ಎರಡು ಲೆಕ್ಕದಲ್ಲಿ ಹಿಂದಿದ್ದು, ಕೈಯಲ್ಲಿ ಎಣಿಸಿದ ಮೂರನೇ ಲೆಕ್ಕದಲ್ಲಿ 129 ವೋಟಿನಿಂದ ಗೆದ್ದರು. ಆ ಎಣಿಕೆ ಡಿಸೆಂಬರ್ ಕೊನೆಯವರೆಗೂ ನಡೆದಿತ್ತು. ಅವಸರ ಮಾಡಿದ್ದರೆ ಈ ಕಾನೂನಿಗೆ ಸಹಿ ಹಾಕಲು ಅವರು ಅಲ್ಲಿರುತ್ತಲೇ ಇರಲಿಲ್ಲ.

ಇವತ್ತಿನ ಲೆಕ್ಕ ಸಂಜೆ ಬರುತ್ತದೆ. ಹೆಂಡತಿ ಚಿತ್ರಾನ್ನ ಕಲಸಿದ್ದಾಳೆ, ಎದುರುಮನೆಗೂ ಸೇರಿಸಿ.